ಹತ್ತು ಕೈಯಿಂದ ಬಂದ ಚೌಕಗಳಲ್ಲಿ ಒಂದು ಕೌದಿ

ನನ್ನ ಮೊದಲ ಚೌಕದ ಕೌದಿ ಇವತ್ತಿಗೂ ಸೊಟ್ಟಗಿದೆ. ನೆಲದ ಮೇಲೆ ಹಾಸಿದರೆ ಒಂದು ಬದಿ ಅಲೆ ಅಲೆಯಾಗಿ ಏಳುತ್ತದೆ, ಇನ್ನೊಂದು ಬದಿ ಒಳಕ್ಕೆ ಎಳೆದುಕೊಂಡಿರುತ್ತದೆ. ಹೊಲಿಗೆಯೇನೂ ಕೆಟ್ಟದಾಗಿರಲಿಲ್ಲ. ಗೆಳತಿಯರ ಜೊತೆ ಅದಲುಬದಲು ಮಾಡಿಕೊಂಡ 5 ಇಂಚಿನ ಚೌಕಗಳನ್ನು ‘5 ಇಂಚು ಅಂದಮೇಲೆ 5 ಇಂಚೇ ಅಲ್ವಾ’ ಅಂತ ನಂಬಿ ಸೀದಾ ಮಷೀನಿಗೆ ಕೊಟ್ಟಿದ್ದೆ. ಅವುಗಳಲ್ಲಿ ಕೆಲವು ಅರೆಕಾಲು ಇಂಚು, ಅಂದರೆ 3 ಮಿಲಿಮೀಟರ್ ಚಿಕ್ಕವು. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಒಂದು ಸಾಲಿಗೆ 12 ಚೌಕ. ಹನ್ನೆರಡೂ ಅಂಥವೇ ಬಂದುಬಿಟ್ಟರೆ ಆ ಸಾಲು ಒಂದೂವರೆ ಇಂಚು ಗಿಡ್ಡ. ಅದನ್ನು ಪಕ್ಕದ ಸಾಲಿಗೆ ಎಳೆದು ಎಳೆದು ಕೂಡಿಸಿದ್ದೆ. ಬಟ್ಟೆ ಆಮೇಲೆ ಸೇಡು ತೀರಿಸಿಕೊಂಡಿತು.

ಅದಕ್ಕೇ ಇಲ್ಲಿ ಹೊಲಿಗೆಗಿಂತ ಹೊಲಿಗೆಗೆ ಮುಂಚಿನ ಕೆಲಸದ ಮಾತೇ ಜಾಸ್ತಿ. ಒಬ್ಬರೇ ಕತ್ತರಿಸಿದ ಬಟ್ಟೆಯಾದರೆ ತಪ್ಪಿದರೂ ಎಲ್ಲವೂ ಒಂದೇ ರೀತಿ ತಪ್ಪಿರುತ್ತವೆ, ಹೇಗೋ ಹೊಂದಿಕೊಳ್ಳುತ್ತವೆ. ಹತ್ತು ಕೈಯಿಂದ ಬಂದವು ಹತ್ತು ರೀತಿ ತಪ್ಪಿರುತ್ತವೆ.

ಎಷ್ಟು ಚೌಕ ಬೇಕು?

ಕತ್ತರಿಸಿಯೇ ಮಾರುವ ಬಟ್ಟೆಗೆ ಕೆಲವು ಹೆಸರುಗಳು ನಿಂತುಬಿಟ್ಟಿವೆ. 5 ಇಂಚಿನ ಚೌಕಕ್ಕೆ ಚಾರ್ಮ್ ಸ್ಕ್ವೇರ್ ಅನ್ನುತ್ತಾರೆ, 10 ಇಂಚಿನದಕ್ಕೆ ಲೇಯರ್ ಕೇಕ್, ಎರಡೂವರೆ ಇಂಚು ಅಗಲದ ಉದ್ದ ಪಟ್ಟಿಗಳ ಸುರುಳಿಗೆ ಜೆಲ್ಲಿ ರೋಲ್. ಚಾರ್ಮ್ ಪ್ಯಾಕಿನಲ್ಲಿ ಸಾಮಾನ್ಯವಾಗಿ 40-42 ಚೌಕ ಇರುತ್ತವೆ. ನಲವತ್ತೆರಡು ಅಂದರೆ ರಾಶಿ ಅನ್ನಿಸುತ್ತದೆ. ಆರು ಅಡ್ಡ, ಏಳು ಉದ್ದ ಜೋಡಿಸಿ ನೋಡಿ, ಬರುವುದು 27 ಇಂಚು ಅಗಲ, ಮೂವತ್ತೊಂದೂವರೆ ಇಂಚು ಉದ್ದ. ಎಳೆ ಮಗುವಿಗೆ ಸಾಕು, ಅಷ್ಟೇ. ನಾಲ್ಕೂ ಬದಿಯಲ್ಲಿ ಕಾಲಿಂಚು ಹೊಲಿಗೆಯೊಳಗೆ ಹೋಗುವುದರಿಂದ 5 ಇಂಚಿನ ಚೌಕ ಕೌದಿಯಲ್ಲಿ ನಾಲ್ಕೂವರೆ ಇಂಚಾಗಿ ಉಳಿಯುತ್ತದೆ ಅನ್ನುವುದನ್ನು ಹೊಸಬರು ಮರೆಯುತ್ತಾರೆ.

ಚಾರ್ಮ್ ಅನ್ನುವ ಹೆಸರಿಗೂ ಅದಲುಬದಲಿಗೂ ಹಳೆಯ ನಂಟಿದೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಲ್ಲಿ ಚಾರ್ಮ್ ಕ್ವಿಲ್ಟ್ ಅನ್ನುವ ಹುಚ್ಚು ಹಬ್ಬಿತ್ತು. ಒಂದು ಕೌದಿಯಲ್ಲಿ ನೂರಾರು ತುಂಡು, ಆದರೆ ಒಂದು ಬಟ್ಟೆ ಎರಡನೇ ಸಲ ಬರಬಾರದು. ಅಷ್ಟು ಬಗೆ ಬಟ್ಟೆ ಯಾರ ಮನೆಯಲ್ಲಿರುತ್ತದೆ? ಅಕ್ಕಪಕ್ಕದವರನ್ನು ಕೇಳಲೇಬೇಕಿತ್ತು.

ಈ ಲೇಖನಕ್ಕೆ 180 ಚೌಕದ ಲೆಕ್ಕ ಇಟ್ಟುಕೊಳ್ಳೋಣ. 12 ಅಡ್ಡ, 15 ಉದ್ದ. ಸೋಫಾದ ಮೇಲೆ ಕೂತು ಕಾಲು ಮುಚ್ಚಿಕೊಳ್ಳುವಷ್ಟು ಕೌದಿ ಆಗುತ್ತದೆ.

ಅದಲುಬದಲಿನ ಕರಾರು

ಗುಂಪು ಚಿಕ್ಕದಿದ್ದಷ್ಟೂ ಒಳ್ಳೆಯದು. ನನಗೆ 12 ಜನ ಹಿಡಿಸುತ್ತದೆ, ಅದಕ್ಕೊಂದು ಲೆಕ್ಕವೂ ಇದೆ. ಫ್ಯಾಟ್ ಕ್ವಾರ್ಟರ್ ಅನ್ನುವ 18 ಇಂಚಿಗೆ 22 ಇಂಚಿನ ತುಂಡಿನಲ್ಲಿ 5 ಇಂಚಿನ ಚೌಕ ಸರಿಯಾಗಿ 12 ಸಿಗುತ್ತವೆ. ಹನ್ನೊಂದನ್ನು ಹಂಚಿ ಒಂದನ್ನು ಇಟ್ಟುಕೊಂಡರೆ ಪ್ರತಿಯೊಬ್ಬರ ಕೈಯಲ್ಲೂ 12 ಬೇರೆ ಬೇರೆ ಚೌಕ. ಒಬ್ಬೊಬ್ಬರೂ 15 ಬಗೆ ಬಟ್ಟೆ ತಂದರೆ 180 ಆಗೇಹೋಯಿತು. ದೊಡ್ಡ ಗುಂಪಾದರೆ ಮೀಟರ್ ಲೆಕ್ಕ. 44 ಇಂಚು ಪನ್ನದ, ಅಂದರೆ ಅಗಲದ, ಒಂದು ಮೀಟರ್ ಬಟ್ಟೆಯಲ್ಲಿ ಅಂಚು ತೆಗೆದರೆ ಅಡ್ಡಕ್ಕೆ 8, ಉದ್ದಕ್ಕೆ 7, ಒಟ್ಟು 56 ಚೌಕ.

ಹಂಚುವ ಮೊದಲೇ ನಾಲ್ಕು ವಿಷಯ ಬಾಯಿಬಿಟ್ಟು ಮಾತಾಡಿಕೊಳ್ಳಿ. ಬಟ್ಟೆ ಪೂರ್ತಿ ಹತ್ತಿಯದೇ ಇರಬೇಕು. ಒಗೆದು ಕತ್ತರಿಸುವುದೋ, ಒಗೆಯದೆಯೋ, ಎಲ್ಲರದ್ದೂ ಒಂದೇ ಆಗಿರಬೇಕು. ಒಗೆದ ಚೌಕದ ಪಕ್ಕ ಒಗೆಯದ ಚೌಕ ಕೂತರೆ ಮೊದಲ ಒಗೆತದಲ್ಲಿ ಒಂದು ಮಾತ್ರ ಕುಗ್ಗಿ ಸುತ್ತ ನೆರಿಗೆ ಬೀಳುತ್ತದೆ. ಮಗ್ಗದ ಅಂಚು ಚೌಕದೊಳಗೆ ಬರಬಾರದು, ಅಲ್ಲಿ ನೇಯ್ಗೆ ಬಿಗಿ. ಎಳೆಗೆ ನೇರವಾಗಿ ಕತ್ತರಿಸಬೇಕು, ಕ್ರಾಸ್ ಆಗಬಾರದು.

ದೊಡ್ಡ ದೊಡ್ಡ ಹೂವಿನ ಬಟ್ಟೆ ತರುವವರಿಗೆ ಒಂದು ಮಾತು. 5 ಇಂಚಿನಲ್ಲಿ ಅರ್ಧ ಎಸಳು, ಒಂದಿಷ್ಟು ಖಾಲಿ ಜಾಗ ಬಿಟ್ಟು ಇನ್ನೇನೂ ಉಳಿಯುವುದಿಲ್ಲ. ಒಂದೇ ಬಟ್ಟೆಯ 12 ಚೌಕ 12 ಬಟ್ಟೆಯ ಹಾಗೆ ಕಾಣುತ್ತವೆ. ಕೆಲವರಿಗೆ ಅದೇ ಮಜಾ, ನನಗೆ ಕಿರಿಕಿರಿ.

ಕಳಿಸುವಾಗ ಮಡಚಬೇಡಿ. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಡಿ. ಯಾರ ಬಟ್ಟೆ ಅನ್ನುವ ಚೀಟಿ ಬೇರೆ ಇರಲಿ. ಬಟ್ಟೆಯ ಮೇಲೆ ಪೆನ್ನಿನಲ್ಲಿ ಬರೆದರೆ ಆ ಶಾಯಿ ಆಮೇಲೆ ಎಲ್ಲಿ ಹರಡುತ್ತದೆ ಅಂತ ಹೇಳಲಾಗದು.

ಬಂದ ಚೌಕಗಳ ವಿಚಾರಣೆ

ಕಟ್ಟು ಬಿಚ್ಚಿದ ಕೂಡಲೇ ಬಣ್ಣ ನೋಡಿ ಖುಷಿಪಡಬೇಕು, ಅದು ಸಹಜ. ಒಂದರ್ಧ ಗಂಟೆ ಖುಷಿಪಟ್ಟಾದ ಮೇಲೆ ಸ್ಕೇಲ್ ತೆಗೆಯಿರಿ.

ಮೊದಲು ಕೈಗೆ ಸಿಗುವ ವ್ಯತ್ಯಾಸ. ಬೆರಳ ನಡುವೆ ಹಿಡಿದು ಉಜ್ಜಿದರೆ ಜಾರುವುದು, ಹೊಳೆಯುವುದು, ಮುದುರಿ ಬಿಟ್ಟರೂ ಸುಕ್ಕು ಬೀಳದೆ ತಾನೇ ಬಿಚ್ಚಿಕೊಳ್ಳುವುದು ಇದ್ದರೆ ಅದರಲ್ಲಿ ಪಾಲಿಯೆಸ್ಟರ್ ಇರಬಹುದು. ಅನುಮಾನ ಇದ್ದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಬೆಂಕಿ ಸೋಕಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಅಂಥದ್ದನ್ನು ಪಕ್ಕಕ್ಕಿಡಿ. ಬಿಸಿ ಇಸ್ತ್ರಿಗೆ ಅದು ಮುದುಡಿದರೆ ಪಕ್ಕದ ಚೌಕಗಳನ್ನೂ ಎಳೆದುಕೊಳ್ಳುತ್ತದೆ.

ಆಮೇಲೆ ಬಣ್ಣ ಬಿಡುವವು. ಕಡುಗೆಂಪು, ಕಡುನೀಲಿ, ಕಡುನೇರಳೆ, ಈ ಮೂರರ ಮೇಲೆ ನನಗೆ ಯಾವಾಗಲೂ ಗುಮಾನಿ. ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಚೌಕ ಇಟ್ಟು, ಮೇಲೊಂದು ಭಾರ ಹೇರಿ ಅರ್ಧ ಗಂಟೆ ಬಿಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಚೌಕ ಈ ಕೌದಿಗೆ ಬೇಡ. ನಾನು ಒಂದು ಸಲ ಒಂದೇ ಒಂದು ಕೆಂಪು ಚೌಕವನ್ನು ‘ಪರವಾಗಿಲ್ಲ, ಒಂದು ತಾನೇ’ ಅಂತ ಬಿಟ್ಟುಕೊಂಡೆ. ಸುತ್ತಲಿನ ಎಂಟು ಬಿಳಿ ಚೌಕ ಇವತ್ತು ಗುಲಾಬಿ.

ಇಷ್ಟಾದರೂ ಬಿಡಿ ಚೌಕಗಳನ್ನು ಒಗೆಯಲು ಹೋಗಬೇಡಿ. ನಾಲ್ಕೂ ಬದಿ ಎಳೆ ಬಿಟ್ಟು, ಗಂಟು ಕಟ್ಟಿಕೊಂಡು, 5 ಇಂಚಿನದು ನಾಲ್ಕೂ ಮುಕ್ಕಾಲು ಆಗಿ ಬರುತ್ತದೆ. ವಾಸನೆ ಹೊಡೆಯುತ್ತಿದ್ದರೆ ನೆರಳಲ್ಲಿ ಎರಡು ದಿನ ಹರಡಿಡಿ, ಸಾಕು.

ಈಗ ಅಳತೆ. 5 ಇಂಚಿನ ಪಾರದರ್ಶಕ ಚೌಕ ಸ್ಕೇಲ್ ಇದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ರಟ್ಟಿನಲ್ಲಿ ಒಂದು ನಿಖರವಾದ ಚೌಕ ಮಾಡಿಕೊಳ್ಳಿ. ಒಂದೊಂದೇ ಚೌಕದ ಮೇಲಿಟ್ಟು ನೋಡುತ್ತಾ ಮೂರು ಗುಡ್ಡೆ ಮಾಡಿ: ಸರಿ ಇರುವವು, ದೊಡ್ಡವು, ಚಿಕ್ಕವು. 180 ಚೌಕಕ್ಕೆ ಒಂದು ಗಂಟೆ ಹಿಡಿಯಬಹುದು. ಅಂಚು ಗರಗಸದ ಹಲ್ಲಿನ ಹಾಗೆ ಇರುವ ಚೌಕಗಳಲ್ಲಿ ಒಂದು ಗೋಜಲಿದೆ. 5 ಇಂಚು ಹಲ್ಲಿನ ತುದಿಯಿಂದ ತುದಿಗೋ, ಸಂದಿನಿಂದ ಸಂದಿಗೋ? ತಯಾರಿಸುವವರೆಲ್ಲ ಒಂದೇ ರೀತಿ ಕತ್ತರಿಸುವುದಿಲ್ಲ. ಒಂದು ಪ್ಯಾಕಿನ ಒಂದು ಚೌಕ ಅಳೆದರೆ ಆ ಪ್ಯಾಕಿನದು ಗೊತ್ತಾಗುತ್ತದೆ.

ಚಿಕ್ಕವುಗಳ ಗುಡ್ಡೆ ದೊಡ್ಡದಾದರೆ ಏನು ಮಾಡುವುದು? ನನ್ನ ಸಲಹೆ ಕೆಲವರಿಗೆ ಹೊಟ್ಟೆ ಉರಿಸುತ್ತದೆ: ಎಲ್ಲವನ್ನೂ ನಾಲ್ಕೂವರೆ ಇಂಚಿಗೆ ಇಳಿಸಿಬಿಡಿ. ಸುತ್ತ ಕಾಲಿಂಚು ಹೋಗುತ್ತದೆ. ಜೊತೆಗೆ ಎಳೆ ಬಿಟ್ಟ ಅಂಚು, ಗರಗಸದ ಹಲ್ಲು, ಎಲ್ಲ ಹೋಗುತ್ತದೆ. ಹೊಲಿದ ಮೇಲೆ ಚೌಕ ಸರಿಯಾಗಿ 4 ಇಂಚು, ಲೆಕ್ಕ ಬಾಯಲ್ಲೇ ಆಗುತ್ತದೆ. 12ಕ್ಕೆ 15 ಅಂದರೆ 48 ಇಂಚಿಗೆ 60 ಇಂಚಿನ ಕೌದಿ. ಇಳಿಸದಿದ್ದರೆ 54ಕ್ಕೆ ಅರವತ್ತೇಳೂವರೆ ಆಗುತ್ತಿತ್ತು. ಕಳೆದುಕೊಂಡಿದ್ದು ಕೈ ಅಗಲದಷ್ಟು, ಉಳಿದದ್ದು ನೆಮ್ಮದಿ.

ಬಣ್ಣ ಹೊಂದಿಸಲು ಹೋಗಬೇಡಿ

ಹನ್ನೆರಡು ಜನರ ರುಚಿ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ನೋಡಬೇಕಾದ್ದು ತಿಳಿ ಯಾವುದು, ಕಡು ಯಾವುದು ಅನ್ನುವುದು ಮಾತ್ರ. ಕೆಂಪಿನ ಪಕ್ಕ ಹಸಿರು ಬರಬಹುದೇ ಅನ್ನುವ ಚಿಂತೆ ಬಿಟ್ಟು, ಚೌಕಗಳನ್ನು ತಿಳಿ, ನಡು, ಕಡು ಅಂತ ಮೂರು ಪಾಲು ಮಾಡಿ. ಕಣ್ಣು ಮೋಸ ಮಾಡುತ್ತದೆ. ಪಳಪಳ ಕಿತ್ತಳೆ ತಿಳಿ ಅನ್ನಿಸುತ್ತದೆ, ಆದರೆ ನಡುವಿನ ಪಾಲಿನದಾಗಿರುತ್ತದೆ. ಎಲ್ಲವನ್ನೂ ನೆಲದ ಮೇಲೆ ಹರಡಿ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಬಣ್ಣ ಹೋದ ಮೇಲೆ ಉಳಿಯುವುದೇ ನಿಜವಾದ ತಿಳಿ, ಕಡು.

ನನಗೆ ಒಮ್ಮೆ ಸಾಸಿವೆ ಹಳದಿಯ ಮೇಲೆ ಕಂದು ಗಿಳಿಗಳಿರುವ ಚೌಕ ಬಂದಿತ್ತು. ಗಿಳಿಗೆ ತಲೆಯೂ ಇರಲಿಲ್ಲ, ಕತ್ತರಿ ಕುತ್ತಿಗೆಯ ಮೇಲೇ ಹೋಗಿತ್ತು. ಮೂರು ಸಲ ಡಬ್ಬಕ್ಕೆ ಹಾಕಿ ಮೂರು ಸಲ ತೆಗೆದೆ. ಕೊನೆಗೆ ನಾಲ್ಕು ಕಡುನೀಲಿ ಚೌಕಗಳ ನಡುವೆ ಕೂರಿಸಿದೆ. ಈಗ ಆ ಕೌದಿ ನೋಡಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಕತ್ತಲ ಕಿಟಕಿಯಲ್ಲಿ ದೀಪ ಹಚ್ಚಿಟ್ಟ ಹಾಗಿದೆ. ಗಿಳಿಗೆ ತಲೆ ಇಲ್ಲ ಅಂತ ಯಾರೂ ಗಮನಿಸಿಲ್ಲ.

ಜೋಡಣೆ

ಅತಿ ಸುಲಭದ್ದು ಚದುರಂಗದ ಹಾಸಿನ ಹಾಗೆ ಒಂದು ತಿಳಿ, ಒಂದು ಕಡು. ಚೌಕ ಕಡಿಮೆ ಬಿದ್ದರೆ ಒಂದು ಬಿಟ್ಟು ಒಂದಕ್ಕೆ ಒಂದೇ ಬಣ್ಣದ ಸಾದಾ ಚೌಕ ಹಾಕಿ. 90 ಚೌಕದಲ್ಲಿ 180ರ ಕೌದಿ ಆಗುತ್ತದೆ, ಗದ್ದಲವೂ ಕಡಿಮೆ.

ತ್ರಿಕೋನ ಬೇಕಿದ್ದರೆ ಆ ಚೌಕಗಳನ್ನು ಇಳಿಸಬೇಡಿ, 5 ಇಂಚಿನಲ್ಲೇ ಇರಲಿ. ಒಂದು ತಿಳಿ, ಒಂದು ಕಡು ಚೌಕವನ್ನು ಮುಖಕ್ಕೆ ಮುಖ ಇಟ್ಟು, ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಎರಡೂ ಬದಿ ಕಾಲಿಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಬಿಡಿಸಿದರೆ ಎರಡು ಬಣ್ಣದ ಎರಡು ಚೌಕ ಸಿಗುತ್ತವೆ, ಅಳತೆ ನಾಲ್ಕೂವರೆಗಿಂತ ಅರೆಕಾಲು ಇಂಚು ಜಾಸ್ತಿ. ನಾಲ್ಕೂವರೆಗೆ ಇಳಿಸಿದರೆ ಉಳಿದ ಸಾದಾ ಚೌಕಗಳ ಪಕ್ಕ ಅಚ್ಚುಕಟ್ಟಾಗಿ ಕೂರುತ್ತವೆ. ನಾಲ್ಕೂವರೆಯ ಹಟ ಹಿಡಿಯಲು ಇದೂ ಒಂದು ಕಾರಣ.

ಆದರೆ ಬೇರೆಯವರ ಚೌಕಗಳಿಗೆ ನನಗೆ ಅಚ್ಚುಮೆಚ್ಚು ಒಂಬತ್ತು ಮನೆಯ ಕತ್ತರಿ ಜೋಡಣೆ. ಕೆಲಸ ಸಣ್ಣದು, ನೋಟ ದೊಡ್ಡದು.

1. ಮೂರಕ್ಕೆ ಮೂರು, 9 ಚೌಕ ಹೊಲಿಯಿರಿ. ನಡುವೆ ಅತಿ ಕಡು ಬಣ್ಣ ಇರಲಿ. 5 ಇಂಚಿನ ಚೌಕವಾದರೆ ಇದು 14 ಇಂಚು ಬರಬೇಕು, ನಾಲ್ಕೂವರೆಯದಾದರೆ ಹನ್ನೆರಡೂವರೆ.
2. ಅದನ್ನು ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಅರ್ಧಕ್ಕೆ ಕತ್ತರಿಸಿ. 14ಕ್ಕೆ 7ರಲ್ಲಿ, ಹನ್ನೆರಡೂವರೆಗೆ ಆರೂಕಾಲರಲ್ಲಿ. ಕತ್ತರಿಸುವಾಗ ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ.
3. ನಾಲ್ಕು ತುಂಡಾಯಿತು. ಪ್ರತಿಯೊಂದರಲ್ಲೂ ಒಂದು ಇಡೀ ಚೌಕ, ಎರಡು ಅರ್ಧ ಚೌಕ, ಮೂಲೆಯಲ್ಲಿ ಕಡು ಬಣ್ಣದ ಪುಟ್ಟ ಚೂರು ಇರುತ್ತದೆ.
4. ಎಲ್ಲ ತುಂಡುಗಳನ್ನೂ ಕಲಸಿ, ಒಂದು ಬಿಟ್ಟು ಒಂದನ್ನು ಅರ್ಧ ಸುತ್ತು ತಿರುಗಿಸಿ ಜೋಡಿಸಿ.

12 ದೊಡ್ಡ ಮನೆಗೆ 108 ಚೌಕ ಬೇಕು, 48 ತುಂಡು ಸಿಗುತ್ತವೆ. ಎಲ್ಲಿ ಕತ್ತರಿಸಿದ್ದು, ಎಲ್ಲಿ ಹೊಲಿದದ್ದು ಅಂತ ನೋಡಿದವರಿಗೆ ತಿಳಿಯುವುದಿಲ್ಲ. ಮೂಲ ಚೌಕದ ಮೂಲೆ ಸ್ವಲ್ಪ ತಪ್ಪಿದ್ದರೂ ಇಲ್ಲಿ ಮುಚ್ಚಿಹೋಗುತ್ತದೆ.

ಯಾವ ಜೋಡಣೆಯಾದರೂ ನೆಲದ ಮೇಲೆ ಪೂರ್ತಿ ಹರಡಿ ನೋಡದೆ ಹೊಲಿಯಬೇಡಿ. ಫೋಟೋ ತೆಗೆದುಕೊಳ್ಳಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಎದ್ದು ನೋಡಿದರೆ ಒಂದೇ ಬಟ್ಟೆಯ ಎರಡು ಚೌಕ ಅಕ್ಕಪಕ್ಕ ಕೂತಿರುವುದು ಕಾಣುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಫೋಟೋ ಕಡ್ಡಾಯ.

ಕಾಲಿಂಚಿನ ಪರೀಕ್ಷೆ

ಕೌದಿಗೆ ಕೈ ಹಾಕುವ ಮೊದಲು ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಉದ್ದಕ್ಕೆ ಜೋಡಿಸಿ ಹೊಲಿದು ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಇರಬೇಕು. ಕಡಿಮೆ ಇದ್ದರೆ ನೀವು ಕಾಲಿಂಚಿಗಿಂತ ಜಾಸ್ತಿ ಒಳಗೆ ಹೊಲಿಯುತ್ತಿದ್ದೀರಿ. ಹೊಲಿಗೆ ಮಡಚಿಕೊಳ್ಳುವ ಜಾಗದಲ್ಲೂ ಒಂದೆರಡು ಎಳೆ ಹೋಗುವುದರಿಂದ ಕಾಲಿಂಚಿಗೆ ಕೂದಲೆಳೆಯಷ್ಟು ಕಡಿಮೆ ಹೊಲಿದರೇ ಸರಿಬರುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಮಷೀನಿನ ಮೇಲೆ ಟೇಪ್ ಅಂಟಿಸಿಬಿಡಿ.

ಹೊಸ ಸೂಜಿ ಹಾಕಿ. 80/12 ನಂಬರು ಆಗುತ್ತದೆ. ಟಾಕೆ 2ರಿಂದ ಎರಡೂವರೆ ಮಿಲಿಮೀಟರ್. ದಾರ ಬೂದು ಬಣ್ಣದ್ದು ತೆಗೆದುಕೊಳ್ಳಿ. ನೂರು ಬಣ್ಣದ ಬಟ್ಟೆಗೆ ಅದೊಂದೇ ಎಲ್ಲ ಕಡೆ ಅಡಗುತ್ತದೆ.

ಜೋಡಿ ಜೋಡಿಯಾಗಿ ಚೌಕಗಳನ್ನು ದಾರ ಕತ್ತರಿಸದೆ ಒಂದರ ಹಿಂದೆ ಒಂದು ಮಷೀನಿಗೆ ಕೊಡುತ್ತಾ ಹೋಗಿ, ತೋರಣದ ಹಾಗೆ ಹೊರಬರುತ್ತವೆ. ದಾರವೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಪ್ರತಿ ಸಾಲಿನ ಮೊದಲ ಚೌಕಕ್ಕೆ ನಂಬರಿನ ಚೀಟಿ ಪಿನ್ ಮಾಡಿ. ಎರಡು ಚೌಕ ಒಂದಕ್ಕೊಂದು ಚೂರು ಉದ್ದ ಗಿಡ್ಡ ಇದ್ದರೆ ಉದ್ದದ್ದು ಕೆಳಗಿರಲಿ. ಮಷೀನಿನ ಹಲ್ಲು ಅದನ್ನು ತಾನೇ ಒಳಗೆ ತಳ್ಳಿಕೊಳ್ಳುತ್ತದೆ.

ಇಸ್ತ್ರಿಯನ್ನು ಉಜ್ಜಬೇಡಿ. ಒತ್ತಿ, ಎತ್ತಿ, ಮುಂದಕ್ಕಿಡಿ. ಉಜ್ಜಿದರೆ ಚೌಕ ಗಾಳಿಪಟದ ಆಕಾರಕ್ಕೆ ಎಳೆಯುತ್ತದೆ. ಮೊದಲ ಸಾಲಿನ ಹೊಲಿಗೆಗಳನ್ನು ಬಲಕ್ಕೆ ಮಡಚಿ ಒತ್ತಿದರೆ ಎರಡನೇ ಸಾಲಿನವು ಎಡಕ್ಕೆ, ಮೂರನೆಯದು ಮತ್ತೆ ಬಲಕ್ಕೆ. ಸಾಲಿಗೆ ಸಾಲು ಕೂಡಿಸುವಾಗ ಆ ಎರಡು ಮಡಿಕೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಬೆರಳಲ್ಲಿ ಹಿಡಿದರೆ ‘ಟಕ್’ ಅಂತ ಕೂತದ್ದು ಗೊತ್ತಾಗುತ್ತದೆ, ನಾಲ್ಕು ಮೂಲೆ ಒಂದೇ ಚುಕ್ಕೆಯಲ್ಲಿ ಸೇರುತ್ತವೆ. ಈ ‘ಟಕ್’ ಒಮ್ಮೆ ಕೈಗೆ ಬಂದರೆ ಪಿನ್ನೂ ಬೇಡ.

ಮೂರು ಪದರ

48ಕ್ಕೆ 60ರ ಮೇಲ್ಪದರಕ್ಕೆ ಅಡಿಬಟ್ಟೆ ಎಲ್ಲ ಬದಿ 4 ಇಂಚು ಜಾಸ್ತಿ ಇರಲಿ, ಅಂದರೆ 56ಕ್ಕೆ 68. 44 ಇಂಚು ಪನ್ನದ ಬಟ್ಟೆ 3 ಮೀಟರ್ ತಂದು ಎರಡು ತುಂಡು ಮಾಡಿ ಜೋಡಿಸಿದರೆ ಸಾಕು. ಅಡಿಬಟ್ಟೆಯನ್ನು ಕೆಟ್ಟ ಬದಿ ಮೇಲೆ ಬರುವಂತೆ ನೆಲಕ್ಕೆ ಹಾಸಿ, ಬಿಗಿಯಾಗಿ, ಆದರೆ ಎಳೆಯದೆ, ಸುತ್ತ ಟೇಪ್ ಅಂಟಿಸಿ. ಅದರ ಮೇಲೆ ಹತ್ತಿಯ ಒಳಪದರ, ಅದರ ಮೇಲೆ ಚೌಕದ ಪದರ. ನಡುವಿನಿಂದ ಹೊರಗೆ ಸವರಿ ಸುಕ್ಕು ತೆಗೆದು, ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಚುಚ್ಚಿ. ಮಂಡಿ ನೋಯುತ್ತದೆ, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಈ ಪದರಗಳನ್ನು ಹಿಡಿದಿಡುವ ಹೊಲಿಗೆಯನ್ನೂ ನಡುವಿನಿಂದಲೇ ಶುರು ಮಾಡಿ. ಮಷೀನಿಗೆ ವಾಕಿಂಗ್ ಫೂಟ್, ಅಂದರೆ ಮೇಲಿನ ಬಟ್ಟೆಯನ್ನೂ ಮುಂದಕ್ಕೆ ತಳ್ಳುವ ಪಾದ, ಹಾಕಿದರೆ ಮೇಲಿನ ಬಟ್ಟೆ ಹಿಂದೆ ಬೀಳುವುದಿಲ್ಲ. ಚೌಕಗಳ ಸಂದಿನಲ್ಲೇ ಹೊಲಿಯಬೇಕು ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೂಲೆ ಎಲ್ಲೆಲ್ಲಿ ತಪ್ಪಿದೆ ಅಂತ ಬೊಟ್ಟು ಮಾಡಿ ತೋರಿಸಿದ ಹಾಗಾಗುತ್ತದೆ. ಅದರ ಬದಲು ಅಲೆಯಂಥ ಗೆರೆಗಳು ಚೆಂದ.

ಮಷೀನೇ ಬೇಡ ಅಂದರೆ ಗಂಟು ಹಾಕಬಹುದು. ದಪ್ಪ ಹತ್ತಿ ದಾರ ಪೋಣಿಸಿ, ಪ್ರತಿ ಚೌಕದ ಮೂಲೆಯಲ್ಲಿ ಮೂರೂ ಪದರ ದಾಟುವಂತೆ ಒಂದು ಟಾಕೆ ತೆಗೆದು, ಬಲದ ಎಳೆ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ ಹಾಕಿ ಬಿಗಿಯಿರಿ. ಒಂದಿಂಚು ಬಾಲ ಬಿಟ್ಟು ಕತ್ತರಿಸಿ. ಚೌಕ 4 ಇಂಚಿನದಾದ್ದರಿಂದ ಗಂಟುಗಳು ತಾನಾಗೇ 4 ಇಂಚಿಗೊಂದು ಬೀಳುತ್ತವೆ. ಒಳಪದರದ ಪೊಟ್ಟಣದ ಮೇಲೆ ಹೊಲಿಗೆಯ ನಡುವೆ ಎಷ್ಟು ಅಂತರ ಇರಬಹುದು ಅಂತ ಬರೆದಿರುತ್ತದೆ, ಅದನ್ನು ಮೀರಬಾರದು.

ಅಂಚಿನ ಪಟ್ಟಿಗೆ ಎರಡೂವರೆ ಇಂಚು ಅಗಲ. ಸುತ್ತಳತೆ 216 ಇಂಚು, ಮೂಲೆಗೂ ಜೋಡಣೆಗೂ 12 ಇಂಚು ಸೇರಿಸಿದರೆ 228. ಪೂರ್ತಿ ಪನ್ನದ 6 ಪಟ್ಟಿ ಸಾಕು. ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಉದ್ದಕ್ಕೆ ಅರ್ಧ ಮಡಚಿ, ಮುಂಭಾಗಕ್ಕೆ ಮಷೀನಿನಲ್ಲಿ ಹೊಲಿದು, ಹಿಂದಕ್ಕೆ ಮಡಚಿ ಕೈಹೊಲಿಗೆ ಹಾಕಿ. ಮೂಲೆಗೆ ಕಾಲಿಂಚು ಇರುವಾಗ ನಿಲ್ಲಿಸಿ ಪಟ್ಟಿ ತಿರುಗಿಸಬೇಕು. ಇದನ್ನು ಓದಿ ಕಲಿಯುವುದಕ್ಕಿಂತ ಚೂರು ಬಟ್ಟೆಯ ಮೇಲೆ ಎರಡು ಸಲ ಮಾಡಿ ನೋಡುವುದೇ ವಾಸಿ.

ಮೊದಲ ಒಗೆತ ತಣ್ಣೀರಲ್ಲಿ, ಬೇರೆ ಬಟ್ಟೆ ಜೊತೆ ಬೇಡ. ಬಣ್ಣ ಹೀರುವ ಹಾಳೆಗಳು ಸಿಗುತ್ತವೆ, ಎರಡು ಹಾಕಿ. ಆದರೂ ಎಲ್ಲಾದರೂ ಬಣ್ಣ ಹತ್ತಿದ್ದು ಕಂಡರೆ ಒಣಗಲು ಬಿಡಬೇಡಿ. ಒದ್ದೆ ಇರುವಾಗಲೇ ಸೋಪಿನ ಪುಡಿ ಹಾಕಿದ ಧಾರಾಳ ನೀರಿನಲ್ಲಿ ಮತ್ತೆ ಮತ್ತೆ ನೆನೆಸಿ. ಒಣಗಿದರೆ ಬಿಡಿಸುವುದು ಕಷ್ಟ. ಹತ್ತಿಯ ಒಳಪದರ ಮೊದಲ ಒಗೆತದಲ್ಲಿ ಸ್ವಲ್ಪ ಕುಗ್ಗಿ ಮೇಲೆಲ್ಲ ಸಣ್ಣ ಸುಕ್ಕು ಏಳುತ್ತದೆ. ತಪ್ಪಿದ ಮೂಲೆಗಳು ಅದರಲ್ಲೇ ಕರಗಿಹೋಗುತ್ತವೆ.

ಹಿಂಬದಿಯ ಮೂಲೆಗೆ ಒಂದು ಬಿಳಿ ತುಂಡು ಹೊಲಿದು, ಚೌಕ ಕೊಟ್ಟ ಎಲ್ಲರ ಹೆಸರು, ಇಸವಿ ಬರೆಯಿರಿ. ಒಗೆದರೂ ಹೋಗದ ಬಟ್ಟೆ ಪೆನ್ನು ಬೇಕು. 1840ರ ದಶಕದಲ್ಲಿ ಅಮೆರಿಕದಲ್ಲಿ ಸ್ನೇಹದ ಕ್ವಿಲ್ಟ್ ಹೊಲಿಯುತ್ತಿದ್ದವರು ಚೌಕಗಳ ಮೇಲೇ ಸಹಿ ಹಾಕಿಸಿಕೊಳ್ಳುತ್ತಿದ್ದರು, ಅವುಗಳಲ್ಲಿ ಎಷ್ಟೋ ಸಹಿಗಳನ್ನು ಇವತ್ತಿಗೂ ಓದಬಹುದು. ಕೊನೆಗೆ ಉಳಿದ ಚೌಕಗಳಲ್ಲಿ ನಾಲ್ಕೈದನ್ನು ಅಂಚು ಮಡಚಿ ಹೊಲಿದು ಒಂದು ಜಾಲರಿ ಚೀಲಕ್ಕೆ ಹಾಕಿ, ಕೌದಿ ಒಗೆದಾಗಲೆಲ್ಲ ಅದನ್ನೂ ಜೊತೆಗೆ ಒಗೆಯಿರಿ. ಐದಾರು ವರ್ಷಕ್ಕೆ ಒಂದು ಚೌಕ ಸವೆದು ತೂತಾದಾಗ, ಅದರಷ್ಟೇ ಮಾಸಿದ ತೇಪೆ ಕೈಯಲ್ಲಿ ಸಿದ್ಧ ಇರುತ್ತದೆ.